ಡಿಕ್ಕಿಗೆ ಡಿಕ್ಕಿ

ನಮ್ಮ ಕಾರಿಗೆ ಹಿಂದಿನಿಂದ ಬಂದು ಗುದ್ದಿದ್ದು, ನನಗೆ ಕಾರು ಓಡಿಸಲು ಕಲಿಸಿದ ಅದೇ ಡ್ರೈವಿಂಗ್ ಶಾಲೆಯ ಕಾರು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಕ್ಕು ಮುಗಿದ ಮೇಲೆ, "ಯಾರಿಗೂ ಏನೂ ಆಗಲಿಲ್ಲ ಹೌದಲ್ರಿ?" ಎಂದು ಕೇಳುತ್ತಾರೆ. ಆಗಲಿಲ್ಲ ಎನ್ನಲೂ ಬರುವುದಿಲ್ಲ. ನಮ್ಮ ಅತ್ತೆಯ ಕುತ್ತಿಗೆ ಉಳುಕಿತು. ಆ ಒಂದು ಉಳುಕಿನಿಂದ ಮುಂದೆ ಏನೇನಾಯಿತು ಎಂದು ಹೇಳಲು ಹೊರಟರೆ ಕೇಳಿದವರು ಚಹಾ ತರಿಸಬೇಕಾಗುತ್ತದೆ.

ನಾವಿರುವುದು ಇಚಲಕರಂಜಿಗೆ ಅಂಟಿಕೊಂಡ ಕೊರೋಚಿಯಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರವಿದೆ. ಸೀರೆಗೆ ಫಾಲ್ ಹಚ್ಚುತ್ತೇನೆ, ಪಿಕೋ ಮಾಡುತ್ತೇನೆ, ರವಿಕೆ ಹೊಲಿಯುತ್ತೇನೆ. ಹಿಂದಿನ ಶೆಡ್ಡಿನಲ್ಲಿ ನಮ್ಮ ಮನೆಯವರ ವರ್ಕಶಾಪು. ಸುತ್ತಲಿನ ಮಗ್ಗಗಳ ಮುರಿದ ಭಾಗಗಳೆಲ್ಲ ಅಲ್ಲಿಗೆ ಬಂದು ಗಟ್ಟಿಯಾಗಿ ಹೋಗುತ್ತವೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಸಿಟ್ಟು ಬಂದಾಗ ಎರಡೂ.

ಕೊಲ್ಲಾಪುರದಿಂದ ಕಬ್ಬಿಣದ ಸಾಮಾನು ತರಲಿಕ್ಕೆ ಅನುಕೂಲವಾದೀತೆಂದು ನಮ್ಮ ಮನೆಯವರು ಒಂದು ಹಳೆಯ ಬಿಳಿ ಕಾರು ಕೊಂಡರು. ಕೊಂಡ ಮೇಲೆ ತಿಳಿದದ್ದೇನೆಂದರೆ, ಮೆತ್ತನೆಯ ಸೀಟಿನಲ್ಲಿ ಕೂತು ಗಾಡಿ ಅಲುಗಾಡಿದರೆ ಸಾಕು, ಅವರಿಗೆ ನಿದ್ದೆ ಬರುತ್ತದೆ. ಬಸ್ಸಿನಲ್ಲಿ ಹಾಗೆ ಎಂದು ನಮಗೆ ಗೊತ್ತಿತ್ತು. ಸ್ಟೇರಿಂಗ್ ಹಿಡಿದಾಗಲೂ ಹಾಗೆಯೇ ಎಂದು ಮೊದಲ ಪಾಠದಲ್ಲಿ ಡ್ರೈವಿಂಗ್ ಮಾಸ್ತರರು ಕಂಡುಹಿಡಿದರು. ಮಾರನೆಯ ದಿನ ಅವರೇ ಮನೆಗೆ ಬಂದು, "ವಹಿನಿ, ಯಜಮಾನರನ್ನ ಬಿಡ್ರಿ. ನೀವ ಕಲೀರಿ" ಎಂದರು. ಮರಾಠಿಯಲ್ಲಿ ವಹಿನಿ ಎಂದರೆ ಅತ್ತಿಗೆ. ಮಾಸ್ತರರಿಗೆ ಕಲಿಯಲು ಬಂದ ಹೆಂಗಸರೆಲ್ಲರೂ ವಹಿನಿಯೇ. ಹಾಗೆ ಹೊಲಿಗೆ ಯಂತ್ರದ ಪೆಡಲು ತುಳಿಯುತ್ತಿದ್ದ ಕಾಲು ಮೂರು ಪೆಡಲುಗಳಿಗೆ ಬಡ್ತಿ ಪಡೆಯಿತು.

ಮಾಸ್ತರರು ಒಳ್ಳೆಯವರು. ಗಡ್ಡ ನುಣ್ಣಗೆ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಹಣೆಗೆ ಗಂಧ ಹಚ್ಚಿ ಬರುತ್ತಿದ್ದರು. ಅವರ ಕಡೆಯೂ ಒಂದು ಬ್ರೇಕ್ ಇತ್ತು. ನಾನು ತಪ್ಪಿದಾಗಲೆಲ್ಲ ಅವರೇ ಒತ್ತುತ್ತಿದ್ದರು. ಅವರು ಕಲಿಸಿದ್ದರ ಸಾರವೆಲ್ಲ ಒಂದೇ ಮಾತಿನಲ್ಲಿತ್ತು: "ಅಂತರ ಠೇವಾ!" ಅಂತರ ಇಟ್ಟುಕೊಳ್ಳಿ. ಶಾಲೆಯ ಕಾರಿನ ಹಿಂದೆ ಕೆಂಪು ಬಣ್ಣದಲ್ಲಿ ಅದನ್ನೇ ಬರೆಸಿದ್ದರು. ಮುಂದುಗಡೆ ಏನನ್ನೂ ಬರೆಸಿರಲಿಲ್ಲ. ಬರೆಸಬೇಕಾಗಿತ್ತು.

ನಾನು ಲೈಸನ್ಸ್ ಪಡೆದೆ. ಊರಿನವರು ಒಪ್ಪಿಕೊಂಡರು, ನಮ್ಮ ಮನೆಯವರು ಪಕ್ಕದ ಸೀಟಿನಲ್ಲಿ ಕೂತು ನೆಮ್ಮದಿಯಾಗಿ ಗೊರಕೆ ಹೊಡೆಯತೊಡಗಿದರು. ಅತ್ತೆ ಮಾತ್ರ ನನ್ನ ಕಾರಿನಲ್ಲಿ ಕೂತರೂ ಮುಂದೆ ನೋಡುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಮಡಚಿ, ಅಡ್ಡ ತಿರುಗಿ, ಎರಡೂ ಕೈಯಿಂದ ಸೀಟಿನ ಬೆನ್ನನ್ನು ಅಪ್ಪಿಕೊಂಡು ಹಿಂದಿನ ಗಾಜಿನಿಂದ ಹೊರಗೆ ನೋಡುತ್ತಿದ್ದರು.

"ಯಾಕ್ರಿ ಅತ್ತಿ, ಹಿಂಗ್ಯಾಕ ಕುಂಡರತೀರಿ?" ಎಂದು ಒಮ್ಮೆ ಕೇಳಿದ್ದೆ.

"ಮುಂದ ನೋಡಿದ್ರ ಇನ್ನ ಏನೇನ ಆಗೂದೈತಿ ಅಂತ ಜೀವಾ ಬಾಯಿಗೆ ಬರತೈತಿ ಯವ್ವಾ. ಹಿಂದ ನೋಡಿದ್ರ ಆಗಿ ಹೋಗಿದ್ದಷ್ಟ ಕಾಣತೈತಿ. ಭಾಳ ಸಮಾಧಾನ."

ನಾನು ಗೇರು ಹಾಕಿದೆ.

ಅಪಘಾತವಾದ ದಿನ ನಾವು ಗಡಹಿಂಗ್ಲಜಕ್ಕೆ ಹೊರಟಿದ್ದೆವು. ನನ್ನ ನಾದಿನಿಯನ್ನು ಅಲ್ಲಿಗೆ ಕೊಟ್ಟಿದೆ. ಅವಳ ಮಗಳಿಗೆ ಅಂದು ಕುಬಸ. ಮೊಮ್ಮಗಳ ಮೊದಲ ಬಸಿರು ಎಂದು ಅತ್ತೆ ಎರಡು ದಿನ ಒಲೆ ಬಿಟ್ಟು ಏಳಲಿಲ್ಲ. ಕರ್ಚಿಕಾಯಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಾದಲಿ, ನಾಲ್ಕಾರು ಬಗೆಯ ಚಟ್ನಿ ಪುಡಿ, ಮೊಸರು ಬುತ್ತಿ. ಅದರ ಜೊತೆಗೆ ನಾನು ಹೊಲಿದ ಹಸಿರು ರವಿಕೆ, ಹಸಿರು ಸೀರೆ, ಡಜನುಗಟ್ಟಲೆ ಬಳೆ. ಎಲ್ಲವನ್ನೂ ಡಿಕ್ಕಿಯಲ್ಲಿ ಒತ್ತೊತ್ತಾಗಿ ಜೋಡಿಸಿ, ಅಲುಗಾಡಬಾರದೆಂದು ಸಂದಿಗಳಲ್ಲಿ ಹಳೆಯ ಸೀರೆ ತುರುಕಿ, ಮುಚ್ಚಳವನ್ನು ನಮ್ಮ ಮನೆಯವರು ಮೈಭಾರ ಹಾಕಿ ಒತ್ತಿ ಮುಚ್ಚಿದರು. ಮುಂದಿನ ಸೀಟಿಗೆ ಬಂದು ಕೂತರು. ಓಣಿ ದಾಟುವುದರೊಳಗೆ ನಿದ್ದೆ ಹೋದರು.

ಇಚಲಕರಂಜಿಯ ಹಾದಿಯಲ್ಲಿ ಒಂದು ಸಂದಿಯಿಂದ ಟೆಂಪೊವೊಂದು ಹಿಮ್ಮುಖವಾಗಿ ರಸ್ತೆಗೆ ಬಂತು. ಅದರ ತುಂಬ ಬೀಮುಗಳು, ಅಂದರೆ ಮಗ್ಗಕ್ಕೆ ಏರಿಸುವ ನೂಲು ಸುತ್ತಿದ ದಪ್ಪ ಉರುಳೆಗಳು. ನಾನು ಮಾಸ್ತರರು ಕಲಿಸಿದ ಹಾಗೆಯೇ ದೂರದಲ್ಲಿಯೇ ಬ್ರೇಕ್ ಹಾಕಿ, ಗಾಡಿ ನಿಲ್ಲಿಸಿ, ಗೇರು ತೆಗೆದೆ. ಅಂತರ ಇಟ್ಟ ಹೆಮ್ಮೆಯಿಂದ ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ದಢಾರ್ ಎಂದಿತು. ಕಾರು ಒಮ್ಮೆ ಮುಂದಕ್ಕೆ ಜಿಗಿದು ನಿಂತಿತು.

ನಮ್ಮ ಮನೆಯವರು ಕಣ್ಣು ತೆರೆದು, "ಬಂತಾ ಗಡಹಿಂಗ್ಲಜ?" ಎಂದರು.

ಹಿಂದೆ ತಿರುಗಿದೆ. ಅತ್ತೆ ಸೀಟಿನ ಬೆನ್ನನ್ನು ಅಪ್ಪಿಕೊಂಡೇ ಇದ್ದರು. ತಲೆ ಒಂದು ಕಡೆಗೆ ವಾಲಿತ್ತು.

"ಅತ್ತಿ! ಪೆಟ್ಟಾತೇನ್ರಿ?"

"ನನಗ ಬಿಡ. ಬುತ್ತಿ ನೋಡ ಮೊದ್ಲ."

ಇಳಿದು ನೋಡಿದರೆ, ನಮ್ಮ ಡಿಕ್ಕಿಯ ಬಾಗಿಲು ಒಳಕ್ಕೆ ಕುಸಿದು ಮೂತಿ ಉಬ್ಬಿಸಿಕೊಂಡ ಹಾಗಾಗಿತ್ತು. ಅದಕ್ಕೆ ಮೂತಿ ಒತ್ತಿಕೊಂಡು ನಿಂತದ್ದು ನನ್ನ ಗುರುಗಳ ಕಾರು. ನಾನು ಪಾಠ ಕಲಿತ ಕಾರು. ಅದರ ಸ್ಟೇರಿಂಗ್ ಹಿಡಿದು ಕೂತಿದ್ದ ಹೆಂಗಸು ಕಣ್ಣು ಮುಚ್ಚಿ ಯಾವುದೋ ದೇವರ ಹೆಸರು ಹೇಳುತ್ತಿದ್ದಳು. ಪಕ್ಕದಿಂದ ಮಾಸ್ತರರು ಇಳಿದರು. ನನ್ನನ್ನು ಕಂಡು ಅವರ ಮುಖದಲ್ಲಿ ಗಂಧ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬಣ್ಣಗೆಟ್ಟಿತು.

"ಅರೆ ದೇವಾ! ವಹಿನಿ, ತುಮ್ಹೀ?"

"ಹೌದ್ರಿ ಸರ್, ನಾನ. ಅಂತರ ಇಟ್ಟಿದ್ದೆ ನೋಡ್ರಿ."

ಹಾಗೆ ಅನ್ನಬಾರದಿತ್ತು. ಆದರೆ ಬಾಯಿಂದ ಬಂದುಬಿಟ್ಟಿತು. ಸೇರಿದ ಜನರಲ್ಲಿ ಯಾರೋ ಮಾಸ್ತರರ ಕಾರಿನ ಹಿಂದೆ ಬರೆದದ್ದನ್ನು ಜೋರಾಗಿ ಓದಿದರು. ಬೀಮಿನ ಟೆಂಪೊದವನು ಹೊಟ್ಟೆ ಹಿಡಿದು ನಕ್ಕ. ಮಾಸ್ತರರು ಅವನ ಕಡೆ ನೋಡದೆ ಕನ್ನಡ ಮರಾಠಿ ಕಲಸಿ ನನಗೆ ಹೇಳಿದರು: "ಏನ್ ಮಾಡ್ಲಿ ವಹಿನಿ, ಇವ್ರು ನವೀನ ಆಹೇತ. ಹೊಸಬ್ರು. ಬ್ರೇಕ್ ಒತ್ತೂ ಬದ್ಲಿ ಆಕ್ಸಿಲೇಟರ್ ಒತ್ತಿದ್ರು. ರಿಪೇರಿ ಎಲ್ಲಾ ನಮ್ಮ ಶಾಳೆಕಡಿಂದ ಆಗತೈತಿ, ನೀವ ಟೆನ್ಶನ್ ಘೇವೂ ನಕಾ, ತಗೋಬ್ಯಾಡ್ರಿ."

ಆ ಹೊಸಬಳು ಈಗ ಇಳಿದು ಬಂದಿದ್ದಳು. ನನಗಿಂತ ನಾಲ್ಕೈದು ವರ್ಷ ಹಿರಿಯಳು, ಎತ್ತರದ ಆಳು. ಬಂದವಳೇ ಅತ್ತೆಯ ಕಿಟಕಿಯ ಬಳಿ ನಿಂತು ಅಳತೊಡಗಿದಳು. "ತಪ್ಪಾತ್ರಿ ಆಯಿ. ನನ್ನ ಕೈಯಾಗ ಇಂಥಾ ಕೆಲಸಾ ಆಗಬಾರದಿತ್ತು. ನನಗ್ಯಾಕ ಬೇಕಿತ್ತ ಈ ಗಾಡಿ ಕಲಿಯೂ ಉಸಾಬರಿ!"

ಅವಳ ಕನ್ನಡ ಕೇಳಿ ಅತ್ತೆಗೆ ಅರ್ಧ ನೋವು ಕಡಿಮೆಯಾಯಿತು. "ಯಾವೂರಾಕಿ ಬೇ ನೀ?" ಎಂದರು, ವಾಲಿದ ತಲೆಯಿಂದಲೇ.

ಸಂಕೇಶ್ವರದ ಕಡೆಯವಳು. ಇಚಲಕರಂಜಿಯಲ್ಲಿ ಖಾನಾವಳಿ ನಡೆಸುತ್ತಾಳೆ. ಮಗ್ಗಗಳಲ್ಲಿ ದುಡಿಯುವವರಿಗೆ ಊಟದ ಡಬ್ಬಿ ಕಳಿಸುತ್ತಾಳೆ. ಡಬ್ಬಿ ಒಯ್ಯಲು ಒಂದು ಸಣ್ಣ ಟೆಂಪೊ ತೆಗೆದುಕೊಂಡಿದ್ದಾಳೆ. ಡ್ರೈವರುಗಳು ಇವತ್ತು ಬಂದರೆ ನಾಳೆ ಇಲ್ಲ. ಅದಕ್ಕೇ ತಾನೇ ಕಲಿಯಲು ಹೊರಟಿದ್ದಳು. ಇಷ್ಟನ್ನೂ ಅತ್ತೆ ರಸ್ತೆಯ ನಡುವೆ, ಹಿಂದೆ ಹಾರ್ನುಗಳು ಬೊಬ್ಬಿಡುತ್ತಿರುವಾಗಲೇ ಕೇಳಿ ತಿಳಿದುಕೊಂಡರು. ಅವಳ ಗಂಡನ ತಾಯಿಯ ತವರು ಯಾವುದೆಂದು ಕೇಳುವಷ್ಟರಲ್ಲಿ ನಾನು ತಡೆದೆ.

ಡಿಕ್ಕಿಯ ಬಾಗಿಲು ಯಾರು ಎಳೆದರೂ ತೆರೆಯಲಿಲ್ಲ. ನಮ್ಮ ಮನೆಯವರು, "ಕಬ್ಬಿಣದ ಹಾರಿ ತಂದು ಎತ್ತಿದ್ರ ತೆರೀತೈತಿ. ಆದ್ರ ಆಮ್ಯಾಲ ಮುಚ್ಚಂಗಿಲ್ಲ. ದಾರಿ ತುಂಬ ಕರ್ಚಿಕಾಯಿ ಚೆಲ್ಲಕೋಂತ ಹೋಗಬೇಕಾಗತೈತಿ" ಎಂದರು. ಜೋತಾಡುತ್ತಿದ್ದ ಬಂಪರನ್ನು ಟೆಂಪೊದವನು ಕೊಟ್ಟ ಹಗ್ಗದಿಂದ ಬಿಗಿದೆವು. ಇಚಲಕರಂಜಿಯ ದವಾಖಾನೆಯಲ್ಲಿ ಡಾಕ್ಟರು ಅತ್ತೆಯ ಕುತ್ತಿಗೆ ನೋಡಿ, ಎಲುಬಿಗೆ ಏನೂ ಆಗಿಲ್ಲ, ಸ್ನಾಯು ಹಿಡಿದಿದೆ, ತಿರುಗಿ ಕೂತದ್ದರಿಂದ ಹೀಗಾಯಿತು ಎಂದು ಬೈದು, ಅಗಲವಾದ ಒಂದು ಕುತ್ತಿಗೆ ಪಟ್ಟಾ ಕಟ್ಟಿದರು. ಕೆಲವು ದಿನ ಸಾಕು ಎಂದರು.

ಪಟ್ಟಾ ಬಿದ್ದ ಮೇಲೆ ಅತ್ತೆಗೆ ಒಂದು ಬಗೆಯ ಗತ್ತು ಬಂತು. ತಲೆ ಬಗ್ಗಿಸಲು ಬರುತ್ತಿರಲಿಲ್ಲವಾಗಿ ಎಲ್ಲರನ್ನೂ ಕಣ್ಣು ಕೆಳಗೆ ಮಾಡಿಯೇ ನೋಡಬೇಕು. ಗಡಹಿಂಗ್ಲಜದಲ್ಲಿ ನಾದಿನಿಯ ಮನೆಯ ಮುಂದೆ ಅವರು ಕಾರಿನಿಂದ ಇಳಿದ ಗತ್ತಿಗೆ, ಆರತಿ ಹಿಡಿದು ನಿಂತಿದ್ದ ಹೆಂಗಸರು ಹಿಂದೆ ಸರಿದು ದಾರಿ ಬಿಟ್ಟರು.

ಕುಬಸಕ್ಕೆ ಎಲ್ಲವೂ ಸಿದ್ಧವಾಗಿತ್ತು. ಮೊಮ್ಮಗಳು ಹೂವಿನ ದಂಡೆ ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದಳು. ಹಸಿರು ಸೀರೆ, ಹಸಿರು ಬಳೆ, ಬುತ್ತಿ ಎಲ್ಲವೂ ನಮ್ಮ ಡಿಕ್ಕಿಯ ಹೊಟ್ಟೆಯಲ್ಲಿ. ಓಣಿಯ ಗಂಡಸರು ಬಂದು ಎಳೆದರು, ಗುದ್ದಿದರು, ಒಬ್ಬರು ಒದ್ದೂ ನೋಡಿದರು. ಕೊನೆಗೆ ಹಿಂದಿನ ಸೀಟಿನ ಬೆನ್ನನ್ನು ಹೇಗೋ ಮುಂದಕ್ಕೆ ವಾಲಿಸಿದಾಗ ಒಂದು ತೋಳು ಹೋಗುವಷ್ಟು ಸಂದು ಸಿಕ್ಕಿತು. ಯಾರ ತೋಳು ಎನ್ನುವುದು ಪ್ರಶ್ನೆ. ನನ್ನದು ಮೊಣಕೈಗೆ ನಿಂತಿತು. ನಾದಿನಿಯದು ಅಲ್ಲಿಯವರೆಗೂ ಹೋಗಲಿಲ್ಲ.

ಆಗ ಪಕ್ಕದ ಮನೆಯ ನಿವೃತ್ತ ನರ್ಸಬಾಯಿ ಮುಂದೆ ಬಂದರು. ಒಣಕಲು ದೇಹ, ಉದ್ದನೆಯ ಕೈ. ಆ ಓಣಿಯ ಅರ್ಧ ಮಂದಿಯನ್ನು ಈ ಲೋಕಕ್ಕೆ ತಂದವರು ಅವರೇ ಎಂದು ಎಲ್ಲರೂ ಹೇಳುತ್ತಿದ್ದರು. ಬಳೆ ತೆಗೆದಿಟ್ಟು, ಸೆರಗು ಸಿಕ್ಕಿಸಿ, ಸೀಟಿನ ಮೇಲೆ ಮೊಣಕಾಲೂರಿ ಕೈ ಒಳಗೆ ಹಾಕಿದರು. ಕಣ್ಣು ಮೇಲಕ್ಕೆ, ಧ್ಯಾನದಲ್ಲಿದ್ದ ಹಾಗೆ.

"ಅಡ್ಡ ಐತಿ" ಎಂದರು ಗಂಭೀರವಾಗಿ. "ತಿರುವಬೇಕು."

ಹೊರಗೆ ನಿಂತ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು.

"ನಗಬ್ಯಾಡ್ರಿ. ಹಾಂ... ಡೋಕಂ ಆಲಂ! ತಲಿ ಬಂತು!" ಎಂದು ಅವರು ಎಳೆದರು. ಹೊರಗೆ ಬಂದದ್ದು ಚಟ್ನಿ ಪುಡಿಯ ದುಂಡು ಡಬ್ಬಿ. ಅದನ್ನು ನಾದಿನಿ ಎರಡೂ ಕೈಯಲ್ಲಿ ಇಸಿದುಕೊಂಡಳು. ಇನ್ನೊಬ್ಬಳು, "ಗಂಡೋ ಹೆಣ್ಣೋ?" ಎಂದಳು. ಅಲ್ಲಿಗೆ ಯಾರಿಗೂ ನಗು ತಡೆಯಲಾಗಲಿಲ್ಲ. ಮಣೆಯ ಮೇಲೆ ಕೂತಿರಬೇಕಾದ ಬಸುರಿಯೂ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಗತೊಡಗಿದಳು. ಅವಳ ಅತ್ತೆ, "ಏ, ನೀ ಒಳಗ ನಡಿ, ಇದನ್ನೆಲ್ಲಾ ನೋಡಬಾರದು" ಎಂದು ಗದರಿದರೂ ತಾನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದೊಂದಾಗಿ ಬುತ್ತಿಯ ಗಂಟು, ರೊಟ್ಟಿ, ಸೀರೆ ಹೊರಬಂದವು. ಕರ್ಚಿಕಾಯಿಯ ದೊಡ್ಡ ಡಬ್ಬಿ ಮಾತ್ರ ಸಂದಿನಲ್ಲಿ ಹಾಯಲಿಲ್ಲ. ನರ್ಸಬಾಯಿ ಮುಚ್ಚಳವನ್ನು ಒಳಗೇ ತೆಗೆದು ಕರ್ಚಿಕಾಯಿಗಳನ್ನು ಮುಷ್ಟಿ ಮುಷ್ಟಿಯಾಗಿ ಹೊರಕ್ಕೆ ಕೊಟ್ಟರು. ಸಾಲಾಗಿ ನಿಂತ ಹೆಂಗಸರು ಕೈಯಿಂದ ಕೈಗೆ ದಾಟಿಸಿದರು. ತಾಟು ಮುಟ್ಟಿದವುಗಳಿಗಿಂತ ದಾರಿಯಲ್ಲೇ ಬಾಯಿಗೆ ಹೋದವು ಹೆಚ್ಚೆಂದು ನನ್ನ ಗುಮಾನಿ. ಬಳೆಗಳು ಒಂದೂ ಒಡೆದಿರಲಿಲ್ಲ. ಹಳೆಯ ಸೀರೆ ತುರುಕಿದ್ದು ನಾನೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಅಂಥ ಕುಬಸ ಆ ಓಣಿಯಲ್ಲಿ ಹಿಂದೆ ಆಗಿರಲಿಲ್ಲ ಎಂದು ನಾದಿನಿ ಈಗಲೂ ಹೇಳುತ್ತಾಳೆ.

ಕೊರೋಚಿಗೆ ಮರಳಿದ ಮಾರನೆಯ ದಿನ ಮಧ್ಯಾಹ್ನ ಖಾನಾವಳಿಯ ಅಕ್ಕ ನಮ್ಮ ಮನೆ ಹುಡುಕಿಕೊಂಡು ರಿಕ್ಷಾದಲ್ಲಿ ಬಂದಳು. ಕೈಯಲ್ಲಿ ನಾಲ್ಕು ಅಂತಸ್ತಿನ ಡಬ್ಬಿ. "ಆಯಿಗೆ ಒಲಿ ಮುಂದ ಬಗ್ಗಾಕ ಬರಂಗಿಲ್ಲ. ಆರಾಮ ಆಗೂತನಕಾ ಊಟಾ ನನ್ನ ಕಡಿಂದ" ಎಂದಳು. ನಾನು ಬೇಡವೆಂದೆ. ನಮ್ಮ ಮನೆಯವರು ಬೇಡವೆಂದರು. ಅತ್ತೆ ಪಟ್ಟಾದೊಳಗಿಂದ ಕಣ್ಣು ಕೆಳಗೆ ಮಾಡಿ ಡಬ್ಬಿ ನೋಡಿ, "ಇರಲಿ ಬಿಡ, ಪಾಪ, ತಂದಾಳ" ಎಂದರು.

ಡಬ್ಬಿಯಲ್ಲಿ ಬದನೆಕಾಯಿ ಎಣಗಾಯಿ ಇತ್ತು. ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಮೂವತ್ತು ವರ್ಷದಿಂದ ಬೇರೆಯವರ ಅಡಿಗೆಗೆ ಉಪ್ಪು ಕಡಿಮೆ, ಖಾರ ಹೆಚ್ಚು ಎನ್ನುತ್ತ ಬಂದ ಅತ್ತೆ ಅಂದು ಏನೂ ಅನ್ನಲಿಲ್ಲ. ತಾಟು ಬೆರಳಿನಿಂದ ಸವರಿ ಮುಗಿಸಿದರು.

ಆಮೇಲೆ ದಿನವೂ ಡಬ್ಬಿ ಬರತೊಡಗಿತು. ಒಂದು ದಿನ ಝುಣಕ, ಒಂದು ದಿನ ಪುಂಡಿ ಪಲ್ಯ, ಮಡಿಕೆ ಕಾಳಿನ ಉಸಳಿ, ರವಿವಾರ ಸಜ್ಜಕ. ಅಕ್ಕ ಎದುರಿಗೆ ಕೂತು ಅತ್ತೆ ಉಣ್ಣುವುದನ್ನು ನೋಡಿ, "ಈಗ ಹ್ಯಾಂಗೈತ್ರಿ ಆಯಿ ಕುತಿಗಿ?" ಎಂದು ಕೇಳುತ್ತಿದ್ದಳು. ಅತ್ತೆ ಒಂದು ನಿಟ್ಟುಸಿರು ಬಿಟ್ಟು, "ನಿನ್ನಿಗಿಂತ ವಾಸಿ. ಆದ್ರ ಇನ್ನಾ ಹಿಡದೈತಿ ನೋಡ" ಎನ್ನುತ್ತಿದ್ದರು. ಡಾಕ್ಟರು ಹೇಳಿದ ದಿನಗಳು ಎಂದೋ ಮುಗಿದಿದ್ದವು. ಒಂದು ಮುಂಜಾನೆ ನಾನು ಹಿತ್ತಲಿಗೆ ಹೋದಾಗ, ಅತ್ತೆ ಪಟ್ಟಾ ಗೂಟಕ್ಕೆ ತೂಗುಹಾಕಿ, ಕುತ್ತಿಗೆ ಎತ್ತಿ ಗಿಣಿಯ ಹಾಗೆ ಅತ್ತಿತ್ತ ತಿರುಗಿಸುತ್ತ ನುಗ್ಗೆ ಮರದಲ್ಲಿ ಕಾಯಿ ಹುಡುಕುತ್ತಿದ್ದರು.

"ಅತ್ತಿ, ಕುತಿಗಿ ಆರಾಮ ಆದಂಗೈತಲ್ರಿ!"

ಅವರು ಬೆಚ್ಚಿ ಕುತ್ತಿಗೆ ಹಿಡಿದುಕೊಂಡರು. "ಮುಂಜಾನಿ ಹೊತ್ತಿಗೆ ಸ್ವಲ್ಪ ಸಡ್ಲ ಇರತೈತಿ. ಮಧ್ಯಾಹ್ನ ಹಿಡೀತೈತಿ."

ಮಧ್ಯಾಹ್ನ ಅಂದರೆ ಡಬ್ಬಿ ಬರುವ ಹೊತ್ತು. ನಾನು ಪಟ್ಟಾವನ್ನು ಗೂಟದಿಂದ ತೆಗೆದು ಅವರ ಕೈಗೆ ಕೊಟ್ಟೆ. ಡಬ್ಬಿಯಲ್ಲಿ ನಾಲ್ಕು ಅಂತಸ್ತಿದ್ದವು, ನಾನೂ ಉಣ್ಣುತ್ತಿದ್ದೆ.

ಈ ನಡುವೆ ನಮ್ಮ ಕಾರು ಕೊಲ್ಲಾಪುರದ ಗ್ಯಾರೇಜಿಗೆ ಹೋಗಿತ್ತು. ಅಂಥ ಹಳೆಯ ಗಾಡಿಯ ಡಿಕ್ಕಿಯ ಬಾಗಿಲು ಸಿಗುವುದು ಅಲ್ಲಿಯೇ. ಸಿದ್ಧವಾಗಿದೆ ಎಂದು ಸುದ್ದಿ ಬಂದಾಗ ಮಾಸ್ತರರು ತಾವೇ ಕರೆದುಕೊಂಡು ಹೋಗುತ್ತೇನೆ ಎಂದರು. ಶಾಲೆಯ ಕಾರಿಗೂ ಹೊಸ ಮೂತಿ ಬಂದಿತ್ತು. ನಮ್ಮ ಮನೆಯವರಿಗೆ ಕೆಲಸವಿತ್ತು. ನಾನು, ಕೊಲ್ಲಾಪುರದ ಅಂಬಾಬಾಯಿಗೆ ಕೈಮುಗಿಯುವ ನೆವ ಮಾಡಿ ಹೊರಟ ಅತ್ತೆ, ಅಂದು ಡಬ್ಬಿ ಕೊಡಲು ಬಂದು ಅತ್ತೆಯ ಒತ್ತಾಯಕ್ಕೆ ಕೂತ ಖಾನಾವಳಿಯ ಅಕ್ಕ, ಮೂವರೂ ಹಿಂದಿನ ಸೀಟಿನಲ್ಲಿ. ಅಕ್ಕ ದಾರಿಯುದ್ದಕ್ಕೂ ಮಾಸ್ತರರ ಕಡೆ ನೋಡಲಿಲ್ಲ. ಅಪಘಾತದ ಮೇಲೆ ಅವಳು ಪಾಠಕ್ಕೆ ಹೋಗಿರಲಿಲ್ಲ.

ಗ್ಯಾರೇಜಿನಲ್ಲಿ ನಮ್ಮ ಕಾರನ್ನು ನೋಡಿದೆವು. ಡಿಕ್ಕಿಯ ಹೊಸ ಬಾಗಿಲು ಉಳಿದ ಮೈಗಿಂತ ಬೆಳ್ಳಗಿತ್ತು. ಮುಪ್ಪಿನಲ್ಲಿ ಹಲ್ಲು ಕಟ್ಟಿಸಿಕೊಂಡವರ ಹಾಗೆ. ಅಕ್ಕ ಆ ಬಾಗಿಲನ್ನು ಮೆಲ್ಲಗೆ ಮುಟ್ಟಿದಳು.

"ತಂಗಿ, ನಾ ಆ ಟೆಂಪೊ ಕೊಟ್ಟಬಿಡತೇನಿ. ಒಬ್ರು ಕೇಳ್ಯಾರ. ನಾಳಿ ನೋಡಾಕ ಬರತಾರ."

"ಯಾಕ್ರಿ ಅಕ್ಕಾ? ಡಬ್ಬಿ ಹ್ಯಾಂಗ ಒಯ್ಯತೀರಿ?"

"ಮದ್ಲಿನಂಗ ಸೈಕಲ್ ಮ್ಯಾಲ ಕಳಸತೇನಿ. ಗಿರಾಕಿ ಕಡಿಮಿ ಆದ್ರ ಆಗ್ಲಿ. ನನ್ನ ಕಾಲಿಗೆ ಬ್ರೇಕ್ ಯಾವದು, ಆಕ್ಸಿಲೇಟರ್ ಯಾವದು ತಿಳೀಲಿಲ್ಲ. ಇವತ್ತ ಆಯಿ ಕುತಿಗಿ, ನಾಳಿ ಇನ್ನ ಯಾರದರೆ ಜೀವಾ. ನನ್ನ ದೈವದಾಗ ಇಲ್ಲ ಬಿಡ."

ಮಾಸ್ತರರು ಪಕ್ಕದಲ್ಲಿ ನಿಂತು ಟೈರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. "ಹಾಂ... ಎಲ್ಲಾರಿಗೂ ಜಮತ ನಾಹಿ, ಬರಂಗಿಲ್ಲ," ಎಂದು ಗೊಣಗಿದರು.

ಅತ್ತೆ ಒಂದು ಕಬ್ಬಿಣದ ಸ್ಟೂಲಿನ ಮೇಲೆ ಪಟ್ಟಾ ಸಮೇತ ಕೂತಿದ್ದರು. ಅವರ ಮುಖದಲ್ಲಿ ಏನೋ ಎಳೆದಾಟ ನಡೆದಿತ್ತು. ಇದ್ದಕ್ಕಿದ್ದ ಹಾಗೆ ಎದ್ದರು. ಪಟ್ಟಾವನ್ನು ಚರ್ರ್ ಎಂದು ಕಿತ್ತು ಕೈಯಲ್ಲಿ ಹಿಡಿದರು.

"ಏನ ಜಮಸಂಗಿಲ್ಲೋ? ಆಂ? ಏನ ಜಮಸಂಗಿಲ್ಲ?"

ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು. "ಆಜಿ, ಕಾಯ್ ಝಾಲಂ? ಏನಾತ್ರಿ?"

"ನಾ ಹಿಂದ ನೋಡಕೋಂತ ಕುಂತಿದ್ದೆ. ಎಲ್ಲಾ ಕಂಡೇನಿ. ಆಕಿ ಎರಡೂ ಕೈಲಿ ಸ್ಟೇರಿಂಗ್ ಚಾಕಾ ಹಿಡದು ಮುಂದ ನೋಡಾಕತ್ತಿದ್ಲು. ಬಾಯಿ ತೆರದು ನಿನಗ ಏನೋ ಕೇಳಾಕತ್ತಿದ್ಲು. ನೀ ಏನ ಮಾಡಾಕತ್ತಿದ್ದಿ? ಕಿವಿಗೆ ಫೋನ ಹಚಗೊಂಡು ಕಿಡಕಿ ಕಡೆ ಮಾರಿ ಮಾಡಿ ತಲಿ ಅಲ್ಲಾಡಸಾಕತ್ತಿದ್ದಿ! ನನ್ನ ನೋಡಿ ಬ್ಯಾಡ ಬ್ಯಾಡ ಅಂತಾನೇನೋ ಅಂತ ನಾನೂ ಕೈ ಮಾಡಿದೆ. ನೀ ನೋಡಲಿಲ್ಲ. ನಿನ್ನ ಕಾಲಾಗೂ ಬ್ರೇಕ್ ಇತ್ತಲ್ಲೋ ಮಾಸ್ತರಾ? ಅದನ್ಯಾಕ ಒತ್ತಲಿಲ್ಲ?"

ಗ್ಯಾರೇಜಿನಲ್ಲಿ ತಗಡು ಬಡಿಯುತ್ತಿದ್ದ ಸದ್ದು ನಿಂತಿತು. ಮೆಕ್ಯಾನಿಕ್ಕುಗಳೆಲ್ಲ ನಮ್ಮ ಕಡೆ ತಿರುಗಿದರು. ಅತ್ತೆಯ ಕನ್ನಡ ಅವರಿಗೆಷ್ಟು ತಿಳಿಯಿತೋ ಕಾಣೆ, ಫೋನು ಮತ್ತು ಬ್ರೇಕು ತಿಳಿದಿರಬೇಕು.

ಮಾಸ್ತರರು ಗಂಧದ ಮೇಲೆ ಬೆವರು ಒರೆಸಿಕೊಂಡರು. ಮೆಲ್ಲಗೆ ಹೇಳಿದರು: "ಹೆಂಡ್ತಿದು ಫೋನ್ ಬಂದಿತ್ತು. ಕಾಯಿಪಲ್ಲೆ ಮಂಡಿದಾಗ ನಿಂತಿದ್ಲು. ಮೇಥಿ ತಗೊಳ್ಲೋ ಶೇಪು ತಗೊಳ್ಲೋ ಅಂತ."

"ಶೇಪು ಅಂದ್ರ?" ಅತ್ತೆ ನನ್ನ ಕಡೆ ತಿರುಗಿದರು.

"ಸಬ್ಬಸಗಿ ಸೊಪ್ಪ್ರಿ ಅತ್ತಿ."

"ನನಗ ಶೇಪು ಸೇರಂಗಿಲ್ಲ, ಆಜಿ," ಮಾಸ್ತರರು ದೀನವಾಗಿ ಹೇಳಿದರು. "ದಿನಾ ಶೇಪು, ಶೇಪು. ನಕೋ, ಬ್ಯಾಡ ಅಂತ ಎಷ್ಟ ಸಲ ಹೇಳಿದ್ರೂ ತರತಾಳ. ಅವತ್ತ ಸಿಟ್ಟ ಬಂತು."

ನನಗೆ ನಗು ಉಕ್ಕಿ ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅವಳು ನಗುವ ಸ್ಥಿತಿಯಲ್ಲಿರಲಿಲ್ಲ.

"ಮಾಸ್ತರ, ಮುಂದಿನ ಕಾರು ನಿಂತೈತಿ, ಏನ ಮಾಡ್ಲಿ ಅಂತ ನಾ ಕೇಳಿದ್ದೆ ನಿಮಗ," ಎಂದಳು. ಧ್ವನಿ ಸಣ್ಣಗಿತ್ತು. "ಮರತಬಿಟ್ಟಿದ್ದೆ. ಈಗ ನೆನಪಾತು. ಕೇಳಿದ್ದೆ ನಾ. ನೀವು ನಕೋ ನಕೋ ಅಂದ್ರಿ. ಬ್ರೇಕ್ ನಕೋ ಅಂತ ತಿಳಕೊಂಡೆ."

ಮಾಸ್ತರರು ಕೈ ಮುಗಿದರು. ನಿಜವಾಗಿ ಮುಗಿದರು, ಎಲ್ಲರ ಮುಂದೆ. "ಚುಕಲಂ ಮಾಝಂ. ತಪ್ಪ ನಂದು. ರಸ್ತಾದಾಗ ಜನಾ ನಗಾಕತ್ತಿದ್ರು, ಶಾಳೆ ಹೆಸರು ಹೋಗತೈತಿ ಅಂತ ನಿಮ್ಮ ಮ್ಯಾಲ ಹಾಕಿದೆ."

ಅಕ್ಕ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ಅತ್ತೆಯ ಕೈಯಲ್ಲಿದ್ದ ಪಟ್ಟಾ, ನೆಟ್ಟಗೆ ನಿಂತ ಅವರ ಕುತ್ತಿಗೆ, ಎರಡನ್ನೂ ನೋಡಿದಳು.

"ಆಯಿ. ನಿಮಗ ಇದು ಅವತ್ತಿಂದ ಗೊತ್ತಿತ್ತು?"

ಅತ್ತೆ ಪಟ್ಟಾವನ್ನು ಬೆನ್ನ ಹಿಂದೆ ಸರಿಸಿದರು.

"ಗೊತ್ತಿದ್ದೂ ನನಗ ಹೇಳಲಿಲ್ಲ? ನಾ ದಿನಾ ಬಂದು ನಿಮ್ಮ ಮುಂದ ಅತ್ತೇನಿ."

"ಹೇಳಬೇಕಂತನ ಇದ್ದೆ, ಯವ್ವಾ," ಅತ್ತೆಯ ಗತ್ತೆಲ್ಲ ಇಳಿದಿತ್ತು. "ಮೊದಲ್ನೇ ದಿನಾ ಎಣಗಾಯಿ ತಂದಿ. ನಾಳಿ ಹೇಳಿದ್ರಾತು ಅಂದೆ. ಮರದಿನಾ ಪುಂಡಿ ಪಲ್ಯೆ ತಂದಿ. ಹೇಳಿದ್ರ ನೀ ಬರೂದ ಬಿಡತಿ ಅನಸ್ತು. ಊಟಾ ಒಂದ ಅಲ್ಲ. ಮಧ್ಯಾಹ್ನ ನಮ್ಮನ್ಯಾಗ ನನ್ನ ಕೂಡ ಯಾರ ಮಾತಾಡತಾರ? ಇಕಿ ಮಿಷನ್ ತುಳೀತಾಳ, ಅಂವಾ ತಗಡ ಬಡೀತಾನ."

ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಅತ್ತೆ ನನ್ನ ಕಡೆ ನೋಡದೆ ಹೇಳಿದ್ದರಿಂದ ಮಾತು ಇನ್ನೂ ಸರಿಯಾಗಿ ತಾಗಿತು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾಸ್ತರರ ಮುಂದೆ ಕೈ ಚಾಚಿದಳು. "ಕಿಲ್ಲಿ ಕೊಡ್ರಿ."

"ಅಂ?"

"ಗಾಡಿ ಕಿಲ್ಲಿ. ಇಚಲಕರಂಜಿತನಕಾ ನಾ ಹೊಡೀತೇನಿ. ನೀವ ಬಾಜೂಕ ಕುಂಡ್ರರಿ. ಫೋನ ಆಯಿ ಕೈಯಾಗ ಕೊಡ್ರಿ."

ಹೀಗೆ ಮಾಸ್ತರರ ಫೋನು ಅತ್ತೆಯ ಎಲೆ ಅಡಿಕೆ ಚೀಲಕ್ಕೆ ಹೋಯಿತು. ಅತ್ತೆ ನನ್ನ ಕಾರು ಬಿಟ್ಟು ಅವರ ಕಾರಿನಲ್ಲೇ ಕೂತರು. ಅವರು ಮುಂದೆ, ನಾನು ನಮ್ಮ ಕಾರಿನಲ್ಲಿ ಹಿಂದೆ. ಕೊಲ್ಲಾಪುರದ ಗದ್ದಲದಲ್ಲಿ ಆ ಕಾರು ಮೊದಲು ಹೆಜ್ಜೆ ಕಲಿಯುವ ಕರುವಿನ ಹಾಗೆ ಎಗರುತ್ತ ಹೋಯಿತು. ಸಿಗ್ನಲ್ಲಿನಲ್ಲಿ ಬಂದ್ ಬಿತ್ತು. ಹಿಂದಿನ ಬಸ್ಸು ಅರಚಿತು. ಮತ್ತೆ ಚಾಲೂ ಆಯಿತು. ನಾನು ಮಾತ್ರ ಅಷ್ಟು ಅಂತರ ಇಟ್ಟಿದ್ದೆನೆಂದರೆ ನಡುವೆ ಮೂರು ರಿಕ್ಷಾಗಳು ತೂರಿಕೊಂಡವು. ಹಾತಕಣಂಗಲೆ ದಾಟುವಾಗ ಅವರ ಕಾರು ಹದಕ್ಕೆ ಬಂದಿತ್ತು, ಒಮ್ಮೆ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿತು. ನಾನು ಕಾರಿನೊಳಗೆ ಒಬ್ಬಳೇ ಚಪ್ಪಾಳೆ ಹೊಡೆದೆ. ಸ್ಟೇರಿಂಗ್ ಬಿಟ್ಟು ಹೊಡೆಯಬಾರದೆಂದು ನೆನಪಾಗಿ ನಿಲ್ಲಿಸಿದೆ.

ಆಮೇಲೆ ತಿಳಿದದ್ದು: ದಾರಿಯಲ್ಲಿ ಮಾಸ್ತರರ ಫೋನು ಹೊಡೆದುಕೊಂಡಿತ್ತು. ಅತ್ತೆ ಎತ್ತಿದ್ದರು. ಆ ಕಡೆ ಮಾಸ್ತರರ ಹೆಂಡತಿ. ಅತ್ತೆ ಬಂದಷ್ಟು ಮರಾಠಿಯಲ್ಲಿ, "ತೇ ಬ್ರೇಕವರ ಆಹೇತ. ನಂತರ ಬೋಲಾ" ಎಂದು ಇಟ್ಟಿದ್ದರು. ಅವರು ಬ್ರೇಕಿನ ಮೇಲಿದ್ದಾರೆ, ಆಮೇಲೆ ಮಾತಾಡಿ.

ಟೆಂಪೊ ನೋಡಲು ಬಂದವರನ್ನು ಅಕ್ಕ ಚಹಾ ಕುಡಿಸಿ ಕಳಿಸಿದಳು. ಮಾಸ್ತರರು ಮತ್ತೆ ಮೊದಲಿನಿಂದ ಪಾಠ ಶುರುಮಾಡಿದರು, ಈ ಸಲ ಫೋನನ್ನು ಮನೆಯಲ್ಲಿಟ್ಟು ಬಂದು. ಕೊಲ್ಲಾಪುರದ ಪರೀಕ್ಷೆಯಲ್ಲಿ ಅಕ್ಕ ಮೊದಲ ಸಲ ರಿವರ್ಸಿನಲ್ಲಿ ಫೇಲಾದಳು, ಎರಡನೆಯ ಸಲ ಪಾಸಾದಳು.

ಆದರೆ ನಮ್ಮ ಮನೆಗೆ ಡಬ್ಬಿ ನಿಂತುಹೋಯಿತು. ಅತ್ತೆ ಕೇಳುವ ಬಾಯಿ ಕಳೆದುಕೊಂಡಿದ್ದರು. ಮಧ್ಯಾಹ್ನ ಜಗಲಿಯ ಮೇಲೆ ಕೂತು ಹಾದಿ ನೋಡುವುದು, ನಾನು ಬಂದರೆ ಬಿಸಿಲು ನೋಡುತ್ತಿದ್ದ ಹಾಗೆ ಮಾಡುವುದು. ನಾನು ಯಂತ್ರ ನಿಲ್ಲಿಸಿ ಪಕ್ಕಕ್ಕೆ ಹೋಗಿ ಕೂತು ಮಾತಾಡತೊಡಗಿದೆ. ಮೊದಮೊದಲು ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ಅವರೇ, "ಶೇಂಗಾ ಹುರದು ಹೋಳಿಗಿ ಮಾಡತೇನಿ. ನನ್ನ ಆಕಿ ಖಾನಾವಳಿಗೆ ಬಿಟ್ಟ ಬರತಿಯೇನ?" ಎಂದರು.

ಕರೆದುಕೊಂಡು ಹೋದೆ. ಖಾನಾವಳಿಯ ಅಡಿಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಕೈಯಲ್ಲಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಅವಳ ಮುಂದಿಟ್ಟರು. ಅಕ್ಕ ಹಿಟ್ಟಿನ ಕೈಯಲ್ಲೇ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಅತ್ತೆ ಪರೀಕ್ಷೆಗೆ ನಿಂತವರ ಹಾಗೆ ಸೆರಗು ಹಿಂಡುತ್ತಿದ್ದರು.

"ಬೆಲ್ಲಾ ಒಂದ ಸ್ವಲ್ಪ ಹೆಚ್ಚಾಗೇತಿ," ಎಂದಳು ಅಕ್ಕ.

"ಹೆಚ್ಚಾಗೇತಿ?" ಅತ್ತೆಯ ಕುತ್ತಿಗೆ ಥಟ್ಟನೆ ಮೇಲೆದ್ದಿತು. "ನಿನಗೇನ ತಿಳೀತೈತಿ ಬೇ! ನಾ ನಿಮ್ಮವ್ವ ಹುಟ್ಟೂಕಿಂತ ಮದ್ಲಿಂದ ಹೋಳಿಗಿ ಮಾಡಾಕತ್ತೇನಿ!"

"ಹಂಗಾದ್ರ ಮಾಡಿ ತೋರಸ್ರಿ ಇಲ್ಲೇ," ಎಂದು ಅಕ್ಕ ಲಟ್ಟಣಿಗೆಯನ್ನು ಅವರ ಕಡೆ ಸರಿಸಿದಳು.

ಈಗ ರವಿವಾರದ ಡಬ್ಬಿಗಳಲ್ಲಿ ಶೇಂಗಾ ಹೋಳಿಗೆ ಇರುತ್ತದೆ. ಅತ್ತೆಯನ್ನು ಕರೆದೊಯ್ಯಲು ಅಕ್ಕನೇ ಟೆಂಪೊ ತಂದು ಮನೆಯ ಮುಂದೆ ಹಾರ್ನು ಹೊಡೆಯುತ್ತಾಳೆ. ಟೆಂಪೊದಲ್ಲಿ ಇರುವುದು ಮುಂದಿನ ಸೀಟು ಒಂದೇ. ಅತ್ತೆ ಮುಂದೆ ನೋಡುತ್ತಾರೋ, ಕಣ್ಣು ಮುಚ್ಚಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ, ಕೇಳಿಲ್ಲ. ಹೋದ ವಾರ ಮಗ್ಗದ ಕಡೆಯಿಂದ ಒಬ್ಬ ಗಿರಾಕಿ ಖಾನಾವಳಿಗೆ ಬಂದು, ಹೋಳಿಗೆ ಚೆನ್ನಾಗಿತ್ತು, ಆದರೆ ಬೆಲ್ಲ ಸ್ವಲ್ಪ ಹೆಚ್ಚಾಯಿತೇನೋ ಎಂದನಂತೆ. ಅತ್ತೆ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಕ್ಕ ಲಟ್ಟಣಿಗೆ ಹಿಡಿದು ಬಂದು, "ಯಾರ್ರೀ ಹೆಚ್ಚಾಗೇತಿ ಅಂದಾವ್ರು?" ಎಂದಳಂತೆ. ಅವನು ಮತ್ತೆರಡು ಕಟ್ಟಿಸಿಕೊಂಡು ಹೋದ.